ಅವಳ ಹಾಳೆಯಲ್ಲಿ ನಾನು ಎಳೆದ ಗೆರೆಗಳು

ಬೇರೆ ಯಾರಾದರೂ ಹೇಳಿ ನಿಮಗೆ ಗೊತ್ತಾಗುವ ಬದಲು ನಾನೇ ಒಪ್ಪಿಕೊಂಡುಬಿಡುತ್ತೇನೆ: ನಾನು ಸುಳ್ಳು ಗೆರೆ ಎಳೆದವನು. ಬಿ.ಎಡ್. ಓದುವಾಗ ಹಳೇಬೀಡಿನ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, ಎಂಟನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ನನ್ನ ಜೊತೆಗೆ ಓದುತ್ತಿದ್ದ ಹುಡುಗಿಯ ಹೆಸರು ಕೆಡಿಸಲೆಂದೇ ಅವಳ ಹಾಳೆಯಲ್ಲಿ ಗೆರೆಗಳ ಜಾಗ ಬದಲಿಸಿದೆ. ಕಾರಣ ಹೊಟ್ಟೆಕಿಚ್ಚು. ಇದಕ್ಕಿಂತ ಮರ್ಯಾದೆಯ ಕಾರಣ ಒಂದು ಸಿಕ್ಕೀತೇನೋ ಎಂದು ಆವತ್ತಿನಿಂದ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ.

ಈಗ ನಾನು ಓದಿದ ಬಿ.ಎಡ್. ಕಾಲೇಜಿನಿಂದ ಇಂಗ್ಲಿಷ್ ಅಭ್ಯಾಸ ಪಾಠಕ್ಕೆ ಹೊರಡುವವರು ಫೋನು ಮಾಡಿ, “ಅಣ್ಣಾ, ಮೊದಲ್ನೇ ಪಾಠಕ್ಕೆ ಟಿಪ್ಸ್ ಏನಾದ್ರೂ ಇದ್ರೆ ಕೊಡಣ್ಣ” ಅನ್ನುತ್ತಾರೆ. ಬೋರ್ಡಿನ ಜೊತೆ ಮಾತಾಡಬೇಡಿ, ಮಕ್ಕಳ ಜೊತೆ ಮಾತಾಡಿ. ಚಾರ್ಟಿನ ಅಕ್ಷರ ಕೊನೆಯ ಬೆಂಚಿಗೂ ಕಾಣಲಿ. ಸೀಮೆಸುಣ್ಣ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ ಎಂದೆಲ್ಲ ಹೇಳಿ ಫೋನು ಇಡುತ್ತೇನೆ. ನಿಜವಾಗಿ ಹೇಳಬೇಕಾದದ್ದನ್ನು ಫೋನಿನಲ್ಲಿ ಹೇಳುವಷ್ಟು ಧೈರ್ಯ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಊರು ಅರಸೀಕೆರೆ. ಅಲ್ಲಿ ನನಗೆ ಒಂದು ಹೆಸರಿತ್ತು, ಈಗಲೂ ಇದೆ: ಮಿಮಿಕ್ರಿ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿದೆ ಎಂದು ಮೂರು ಭಾಷೆಯಲ್ಲಿ ವಿಷಾದಿಸುವ ಹೆಂಗಸಿನ ದನಿಯನ್ನು ನಾನು ಏಳನೇ ಕ್ಲಾಸಿನಲ್ಲೇ ಕರಗತ ಮಾಡಿಕೊಂಡಿದ್ದೆ. ಬಾಣಾವರದ ಬಸ್ಸಿನ ಕಂಡಕ್ಟರು, ಸೊಸೈಟಿಯ ಕಾರ್ಯದರ್ಶಿ, ಮದುವೆ ಮನೆಯಲ್ಲಿ ಎರಡನೇ ಸಲ ಪಾಯಸ ಬೇಡವೆನ್ನುತ್ತಲೇ ಎಲೆ ಮುಂದೆ ತಳ್ಳುವ ನಮ್ಮ ದೊಡ್ಡಪ್ಪ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ಇಂಗ್ಲಿಷನ್ನೂ ನಾನು ಹಾಗೆಯೇ ಕಲಿತೆ. ಕ್ರಿಕೆಟ್ ಕಾಮೆಂಟರಿ ಹೇಳುವವರಂತೆ, ಟೀವಿಯಲ್ಲಿ ಸುದ್ದಿ ಓದುವವರಂತೆ, ಹಳೇಬೀಡಿನ ದೇವಸ್ಥಾನದ ಮುಂದೆ ವಿದೇಶಿಯರನ್ನು ಹಿಡಿದು ನಿಲ್ಲಿಸುವ ಗೈಡುಗಳಂತೆ ಉಲಿಯಬಲ್ಲೆ. ನನ್ನಂತೆ ನಾನೇ ಇಂಗ್ಲಿಷ್ ಮಾತಾಡಿದ್ದು ಮಾತ್ರ ನೆನಪಿಲ್ಲ.

ಅವಳು ಹುಲಿಕೆರೆಯ ಕಡೆಯವಳು. ಡಿಗ್ರಿಯಿಂದಲೂ ನಾವು ಒಂದೇ ಕ್ಲಾಸು, ಹಾಗಾಗಿ ಹೋಗೋ ಬಾರೇ ಎನ್ನುವಷ್ಟು ಸಲಿಗೆ. ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಮಾತಾಡುವಾಗ ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಒಂದು ಎಮ್ಮೆ ರಸ್ತೆ ದಾಟಿ ಹೋಗುವಷ್ಟು ಹೊತ್ತು ಹಿಡಿಯುತ್ತಿತ್ತು. ಇಂಥವಳ ಮೇಲೆ ನನಗೆ ಹೊಟ್ಟೆಕಿಚ್ಚು ಬರುತ್ತದೆ ಎಂದು ಯಾರಾದರೂ ಭವಿಷ್ಯ ಹೇಳಿದ್ದರೆ ಅವರನ್ನೂ ಮಿಮಿಕ್ರಿ ಮಾಡಿ ಕಳಿಸುತ್ತಿದ್ದೆ.

ನಮಗೆ ಇಂಗ್ಲಿಷ್ ಬೋಧನೆ ಹೇಳಿಕೊಡುತ್ತಿದ್ದ ಮೇಡಂ ಐವತ್ತು ದಾಟಿದವರು. ದಪ್ಪ ಕನ್ನಡಕ, ಸಣ್ಣ ದನಿ. ಅಭ್ಯಾಸ ಪಾಠಕ್ಕೆ ಕಳಿಸುವ ಹಿಂದಿನ ದಿನ ಅವರು ನಮಗೆಲ್ಲ ಒಂದೊಂದು ಕಟ್ಟು ಬಿಳಿ ಹಾಳೆ ಕೊಟ್ಟು, ಪ್ರತಿ ಹಾಳೆಗೂ ಅಡ್ಡಡ್ಡ ಎರಡು ಸಾಲು ಹಾಕಿಸಿದರು.

“ಒಬ್ರು ಪಾಠ ಮಾಡುವಾಗ ಜೊತೆಗಾರರು ಹಿಂದೆ ಕೂತ್ಕೋಬೇಕು. ಪಾಠ ಮಾಡೋರು ಒಂದು ಇಂಗ್ಲಿಷ್ ವಾಕ್ಯ ಆಡಿದ್ರೆ ಮೇಲಿನ ಸಾಲಲ್ಲಿ ಒಂದು ಗೆರೆ. ಮಗು ಒಂದು ವಾಕ್ಯ ಆಡಿದ್ರೆ ಕೆಳಗಿನ ಸಾಲಲ್ಲಿ ಒಂದು ಗೆರೆ. ತಪ್ಪೋ ಸರಿಯೋ ನೋಡಬೇಡಿ. ಬಾಯಿ ಬಿಟ್ತೋ ಇಲ್ವೋ ಅಷ್ಟೇ ನೋಡಿ. ಕೆಳಗಿನ ಸಾಲು ತುಂಬಿದ್ರೆ ಅದು ಇಂಗ್ಲಿಷ್ ಪಾಠ. ಮೇಲಿನ ಸಾಲು ತುಂಬಿದ್ರೆ ಅದು ಭಾಷಣ.”

ನಾನು ಕೈ ಎತ್ತಿದೆ. “ಮೇಡಂ, ಮಕ್ಕಳು ನಕ್ಕರೆ?”

“ನಗೋಕೆ ಇಂಗ್ಲಿಷ್ ಬೇಕೇನಪ್ಪಾ?”

ಎಲ್ಲರೂ ನಕ್ಕರು. ಯಾರ ಹಾಳೆಯಲ್ಲೂ ಗೆರೆ ಬೀಳಲಿಲ್ಲ.

ನನ್ನ ಜೋಡಿಗೆ ಬಿದ್ದವಳು ಅವಳು. ಅವಳ ಪಾಠಕ್ಕೆ ನಾನು ಗೆರೆ ಹಾಕಬೇಕು, ನನ್ನ ಪಾಠಕ್ಕೆ ಅವಳು. ಬೆಳಿಗ್ಗೆ ಅರಸೀಕೆರೆಯಲ್ಲಿ ಬಸ್ಸು ಹತ್ತಿ, ಬಾಣಾವರ, ಜಾವಗಲ್ ದಾಟಿ, ಸುರುಳಿ ಸುತ್ತಿದ ಚಾರ್ಟು ಪಕ್ಕದವರ ಕಣ್ಣಿಗೆ ಚುಚ್ಚದಂತೆ ಹಿಡಿದು ನಾನು ಬಂದು ಇಳಿಯುವಷ್ಟರಲ್ಲಿ ಅವಳು ಶಾಲೆಯ ಗೇಟಿನಲ್ಲಿ ಇರುತ್ತಿದ್ದಳು.

ನನ್ನ ಮೊದಲ ಪಾಠ ಅಮೋಘವಾಗಿತ್ತು. ನನ್ನ ಅಭಿಪ್ರಾಯ. ಪ್ರಯಾಣದ ಬಗ್ಗೆ ಪಾಠ. ಒಳಗೆ ಕಾಲಿಟ್ಟವನೇ ಸ್ಟೇಷನ್ನಿನ ಹೆಂಗಸಿನ ದನಿಯಲ್ಲಿ ಗಾಡಿ ತಡವಾಗಿದೆ ಎಂದು ಘೋಷಿಸಿದೆ. ಆಮೇಲೆ ಗಾರ್ಡು, ಟೀ ಮಾರುವವನು, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನು. ಮಕ್ಕಳು ಬೆಂಚು ಗುದ್ದಿ ನಕ್ಕರು. ಪಕ್ಕದ ಕೊಠಡಿಯ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿ ಹೋದರು. ಗಂಟೆ ಹೊಡೆದಾಗ ನನಗೆ ಬೆವರು, ಮಕ್ಕಳಿಗೆ ಬಿಕ್ಕಳಿಕೆ.

ಅವಳು ಹಾಳೆ ಕೊಟ್ಟಳು. ಮೇಲಿನ ಸಾಲು ಜೋಳದ ಹೊಲ. ಕೆಳಗೆ ಮೂರೂವರೆ ಗೆರೆ.

“ಇದೇನೇ ಅರ್ಧ ಗೆರೆ?”

“ಆ ಕಿಟಕಿ ಹತ್ರದ ಹುಡುಗ ‘ಎಸ್ ಸಾ’ ಅಂದ. ಅದು ವಾಕ್ಯ ಅಲ್ಲ. ಆದ್ರೂ ನಿನ್ ಮುಖ ನೋಡಿ ಪಾಪ ಅನ್ನಿಸ್ತು, ಅರ್ಧ ಹಾಕ್ದೆ.”

ಪಾಪ ಅನ್ನಿಸಿತಂತೆ! ಎಮ್ಮೆ ದಾಟುವಷ್ಟು ಹೊತ್ತು ಪದ ಹುಡುಕುವವಳಿಗೆ ನನ್ನ ಮೇಲೆ ಪಾಪ ಅನ್ನಿಸಿತಂತೆ.

ಮಾರನೆಯ ದಿನ ಅವಳ ಪಾಠ. ಚಾರ್ಟಿಲ್ಲ, ಗೀರ್ಟಿಲ್ಲ. ಒಳಗೆ ಬಂದಳು, ಒಂದು ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟಳು, ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಮೇಲೆ ಸುಮ್ಮನೆ ನಿಂತಳು. ಕ್ಲಾಸೂ ಸುಮ್ಮನಿತ್ತು. ನನಗೆ ಒಳಗೊಳಗೇ ಹಬ್ಬ: ಮುಂದಿನ ವಾಕ್ಯ ಮರೆತುಹೋಯಿತು ಇವಳಿಗೆ! ಅಷ್ಟರಲ್ಲಿ ಮಧ್ಯದ ಬೆಂಚಿನ ಹುಡುಗಿಯೊಬ್ಬಳು, “ಇಟ್ ಈಸ್ ಕೋಕೊನಟ್, ಮಿಸ್” ಅಂದಳು. ಇವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮತ್ತೆ ನಿಂತಳು. ಇನ್ನೊಬ್ಬ ಎದ್ದು ಅದು ಕಲ್ಲು ಅಂದ. ಮತ್ತೊಬ್ಬಳು ಎದ್ದು, ಕಲ್ಲನ್ನು ಮಿಸ್ ಯಾಕೆ ಹೊತ್ತು ತರುತ್ತಾರೆ ಎಂದು ಅವನನ್ನೇ ಕೇಳಿದಳು, ಇಂಗ್ಲಿಷಿನಲ್ಲೇ, ಮುರುಕು ಮುರುಕಾಗಿ. ನನ್ನ ಪೆನ್ಸಿಲು ಕೆಳಗಿನ ಸಾಲಿನಲ್ಲಿ ಓಡತೊಡಗಿತು.

ಚೀಲದಲ್ಲಿದ್ದದ್ದು ಒಂದು ಸೋರೆಕಾಯಿ.

ಅವತ್ತಿನಿಂದ ಶುರುವಾಯಿತು ನನ್ನ ಉರಿ. ಮಧ್ಯಾಹ್ನ ಬೇವಿನ ಮರದ ಕೆಳಗೆ ನಾವು ಟ್ರೈನಿಗಳೆಲ್ಲ ಬುತ್ತಿ ಬಿಚ್ಚಿದಾಗ ನಾನು ಅವಳನ್ನು ಮಿಮಿಕ್ರಿ ಮಾಡಿ ತೋರಿಸಿದೆ. ಡಬ್ಬಿಯನ್ನು ಎದುರಿಗಿಟ್ಟು, ಒಳಗೇನಿದೆ ಎಂದು ಕೇಳಿ, ತಲೆ ಸ್ವಲ್ಪ ಓರೆ ಮಾಡಿ, ಕಣ್ಣು ಪಿಳಿಪಿಳಿ ಬಿಟ್ಟು ಸುಮ್ಮನೆ ಕೂತೆ. ಎಷ್ಟು ಹೊತ್ತು ಕೂತೆನೆಂದರೆ ಒಬ್ಬ ನನ್ನ ಡಬ್ಬಿಯ ಚಿತ್ರಾನ್ನವನ್ನೇ ತಿಂದು ಮುಗಿಸಿದ.

“ಅದು ಮಕ್ಕಳು ಮಾತಾಡ್ಲಿ ಅಂತ ಕಾಯೋ ತಂತ್ರ ಅಲ್ಲ ಕಣ್ರೋ,” ಅಂದೆ. “ಇವಳಿಗೇ ಮುಂದಿನ ಪದ ಸಿಕ್ಕಿರಲ್ಲ. ಮಕ್ಕಳು ಕನಿಕರಪಟ್ಟು ಮಾತಾಡ್ತವೆ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ. “ಹೂಂ ಕಣೋ, ಅರ್ಧ ಸಲ ಹಂಗೇ ಆಗದು,” ಅಂದಳು. ಅವಳಿಗೆ ಸಿಟ್ಟು ಬಂದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಬರಲಿಲ್ಲವಲ್ಲ, ಇನ್ನೂ ಉರಿಯಿತು.

ಹೊಟ್ಟೆಕಿಚ್ಚಿನವನಿಗೆ ಕಣ್ಣು ಬಹಳ ಸೂಕ್ಷ್ಮವಾಗುತ್ತದೆ. ಹೆಡ್‌ಮಾಸ್ಟರು ನನಗೆ ಬರೀ ತಲೆಯಾಡಿಸಿ ಅವಳಿಗೆ ನಮಸ್ಕಾರ ಹೇಳುವುದು ಕಂಡಿತು. ಹುಡುಗಿಯರು ಲಂಗದ ಜೇಬಿನಿಂದ ಸೀಬೆಕಾಯಿ ತೆಗೆದು ಅವಳ ಮೇಜಿನ ಮೇಲಿಡುವುದು ಕಂಡಿತು. ನನಗೆ ಬರುತ್ತಿದ್ದದ್ದು “ಸಾ, ಟ್ರೇನು ಸಾ! ಟ್ರೇನು ಮಾಡಿ ಸಾ!” ಎಂಬ ಬೇಡಿಕೆ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ಕೂಡ ನನ್ನ ಮುಂದೆ ಲೋಟ ಕುಕ್ಕಿ, “ಮೇಡಮ್ಮೋರು ಇನ್ನೂ ಬರ್ನಿಲ್ವಾ?” ಎಂದು ದಾರಿ ನೋಡುತ್ತಿದ್ದ. ಅವನ ಮಗಳು ಎಂಟನೇ ಕ್ಲಾಸು. ಮನೆಯಲ್ಲಿ ಹಸುವನ್ನೂ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾಳಂತೆ.

“ನನ್ ಕ್ಲಾಸಿನ ಬಗ್ಗೆ ಏನಂತಾಳೆ?” ನಾನು ಹಲ್ಲು ಕಿರಿದು ಕೇಳಿದೆ.

“ಅಯ್ಯೋ, ನಿಮ್ದು ಬಾಳ ಚೆನ್ನಾಗೈತಂತೆ ಬುಡಿ ಸಾ. ದಿನಾ ಪಾಠ ಬ್ಯಾಡ, ಮಿಮಿಕ್ರಿ ಸಾರೇ ಬರ್ಲಿ ಅಂತಾವಂತೆ ಐಕ್ಳು.”

ಟೀ ಬಿಸಿಯಾಗಿತ್ತು. ನಾನು ಅದಕ್ಕಿಂತ ಬಿಸಿಯಾಗಿದ್ದೆ.

ಅಭ್ಯಾಸ ಪಾಠದ ಕೊನೆಯ ವಾರ ಬಂತು. ಮೇಡಂ ನಮ್ಮನ್ನೆಲ್ಲ ಕೂರಿಸಿಕೊಂಡು, ನಮ್ಮ ಗುಂಪಿನಿಂದ ಒಬ್ಬರೇ ಒಬ್ಬರು ಮಾದರಿ ಪಾಠ ಮಾಡಬೇಕು ಅಂದರು. ನೋಡಲು ಬೇಲೂರಿನ ಕಡೆಯ ಶಾಲೆಗಳಿಂದ ಇಂಗ್ಲಿಷ್ ಮೇಷ್ಟ್ರುಗಳು ಬರುತ್ತಾರೆ. ಒಬ್ಬೊಬ್ಬರದೂ ಇನ್ನುಳಿದ ಎರಡೆರಡು ಪಾಠಗಳ ಹಾಳೆ ನೋಡಿ ಯಾರೆಂದು ಹೇಳುತ್ತೇನೆ ಎಂದರು.

ನನಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದು ಇವತ್ತು ತಮಾಷೆ ಮಾಡಲೂ ಕಷ್ಟ. ಹುಟ್ಟಿದಾಗಿನಿಂದ ಜನ ನನಗೆ ಚಪ್ಪಾಳೆ ತಟ್ಟಿದ್ದಾರೆ, ಆದರೆ ಎಲ್ಲ ಚಪ್ಪಾಳೆಯೂ ನಾನು ಇನ್ನೊಬ್ಬರಂತೆ ಮಾಡಿದ್ದಕ್ಕೆ. ಮನೆಗೆ ಬಂದವರಿಗೆ ಅಪ್ಪ ನನ್ನನ್ನು ಪರಿಚಯಿಸುವುದೇ, “ಇವ್ನೇ ನಮ್ ಮಿಮಿಕ್ರಿ, ಲೇ, ಆ ಕಂಡಕ್ಟರ್ದು ಒಂದ್ ಮಾಡ್ಲಾ” ಎಂದು. ಒಂದೇ ಒಂದು ಸಲ, ನಿಜವಾದ ಮೇಷ್ಟ್ರುಗಳು ಸಾಲಾಗಿ ಕುಳಿತು ನೋಡಿ, ಇವನೂ ಮೇಷ್ಟ್ರು ಅಂದುಬಿಟ್ಟರೆ ಸಾಕಿತ್ತು.

ಮೊದಲು ಅವಳ ಪಾಠ. ಅವತ್ತು ಮೇಡಂ ಬೇರೆ ಕೊಠಡಿಯಲ್ಲಿದ್ದರು. ಹಿಂದಿನ ಬೆಂಚಿನಲ್ಲಿ ನಾನು, ಪೆನ್ಸಿಲು, ಬಿಳಿ ಹಾಳೆ. ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಕೆಳಗಿನ ಸಾಲು ತುಂಬುತ್ತಿರುವುದು ಕಂಡಿತು. ಒಬ್ಬ ಹುಡುಗ ಎದ್ದು ಏನೋ ಹೇಳಿದ. ನನ್ನ ಕೈ ಕೆಳಗೆ ಹೋಗುವ ಬದಲು ಮೇಲೆ ಹೋಯಿತು.

ಒಂದು ಗೆರೆ. ಆಕಾಶವೇನೂ ಬೀಳಲಿಲ್ಲ. ಆಮೇಲೆ ಮಕ್ಕಳು ಎರಡು ಮಾತಾಡಿದರೆ ಒಂದನ್ನು ಕೆಳಗೆ, ಒಂದನ್ನು ಮೇಲೆ ಹಾಕುತ್ತ ಹೋದೆ. ಇಷ್ಟೆಲ್ಲ ಮಾಡುವಾಗ ನನ್ನ ಮುಖದಲ್ಲಿ ಎಂಥ ಶ್ರದ್ಧೆ ಇತ್ತೆಂದರೆ, ಅವಳು ನಡುವೆ ಒಮ್ಮೆ ನನ್ನ ಕಡೆ ನೋಡಿ ನಕ್ಕಳು. ನಾನು ಪರವಾಗಿಲ್ಲ, ನಡೆಸು ಎಂದು ಸನ್ನೆ ಮಾಡಿದೆ.

ಸಂಜೆ ಮೇಡಂ ಹಾಳೆ ಹಿಡಿದು ಕನ್ನಡಕ ಏರಿಸಿದರು. “ಏನಮ್ಮಾ, ನೀನೂ ಭಾಷಣಕ್ಕಿಳಿದ್ಯಾ? ಮಕ್ಕಳು ಆಡಿದಷ್ಟೇ ನೀನೂ ಆಡಿದ್ದೀಯಲ್ಲ.”

ಅವಳ ಮುಖ ಬಾಡಿತು. ಹೊರಗೆ ಬಂದಮೇಲೆ ಹಾಳೆಯನ್ನು ನನ್ನ ಮುಂದೆ ಹಿಡಿದಳು. “ನಿಜವಾಗ್ಲೂ ಇಷ್ಟ್ ಮಾತಾಡ್ದೆನೇನೋ ನಾನು?”

“ಮತ್ತೆ? ನಾನೇನು ಕವಡೆ ಬಿಟ್ಟು ಬರೆದಿದ್ದೀನಾ?”

“ಇಲ್ಲ ಕಣೋ, ನಿನ್ ಮೇಲೆ ಅನುಮಾನ ಅಲ್ಲ. ನೋಡು, ನಂಗೇ ಗೊತ್ತಾಗ್ನಿಲ್ಲ ಅಂತೀನಿ. ಒಳ್ಳೇದಾಯ್ತು ಬಿಡು, ನೀನು ಮುಲಾಜಿಲ್ಲದೆ ಬರ್ದಿದ್ದು.”

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ಆ ಕ್ಷಣ ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಅರಸೀಕೆರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಜಾವಗಲ್ ಬರುವವರೆಗೆ ಸಿಳ್ಳೆ ಹಾಕುತ್ತ ಹೋದೆ.

ನನ್ನ ಪಾಠ ಮಾರನೆಯ ದಿನ. ಈ ಸಲ ನಾನೂ ಸುಮ್ಮನೆ ನಿಲ್ಲುತ್ತೇನೆ ಎಂದು ಶಪಥ ಮಾಡಿ ಹೋಗಿದ್ದೆ. ಪ್ರಶ್ನೆ ಕೇಳಿ ನಿಂತೆ. ತಲೆ ಓರೆ ಮಾಡಿದೆ. ಕಣ್ಣು ಪಿಳಿಪಿಳಿ ಬಿಟ್ಟೆ. ಮಕ್ಕಳು ಉಸಿರು ಬಿಗಿಹಿಡಿದು ನನ್ನನ್ನೇ ನೋಡಿದವು. ಆಮೇಲೆ ಮುಂದಿನ ಬೆಂಚಿನ ಹುಡುಗಿ ಕೈ ಬಾಯಿಗೆ ಅಡ್ಡ ಹಿಡಿದು, “ಲೇ, ಸಾರು ಮಿಸ್ ಥರ ಮಾಡ್ತಾವ್ರೆ ಕಣ್ರೇ!” ಅಂದಳು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಆಮೇಲೆ ತಡೆಯಲಾಗಲಿಲ್ಲ. ಟ್ರೇನು ಬಂತು, ಗಾರ್ಡು ಬಂದ, ಕೊನೆಗೆ ಟಿಕೆಟ್ಟಿಲ್ಲದವನೂ ಬಂದ. ಅವಳು ಹಿಂದಿನ ಬೆಂಚಿನಲ್ಲಿ ಕುಳಿತು ಮೇಲಿನ ಸಾಲಿನಲ್ಲಿ ಗೆರೆ ಹಾಕುತ್ತಲೇ ಇದ್ದಳು. ಎಂಥ ಪ್ರಾಮಾಣಿಕಳೆಂದರೆ ನಗುತ್ತ ನಗುತ್ತಲೇ ಹಾಕಿದಳು.

ಎರಡು ದಿನ ಬಿಟ್ಟು ಅವಳ ಕೊನೆಯ ಪಾಠ. ಅವತ್ತು ಮೇಡಂ ಬಂದು ನನ್ನ ಪಕ್ಕದಲ್ಲೇ ಕುಳಿತರು. ನನ್ನ ಕೈಗೆ ಬೇಡಿ ಬಿದ್ದಂತಾಯಿತು.

ಅವಳು ಒಳಗೆ ಬಂದಳು. ಮಾತಾಡಲಿಲ್ಲ. ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದಳು: ನಿನ್ನ ಮನೆಯಲ್ಲಿ ಯಾರ್ಯಾರು ಇದ್ದಾರೆ, ಇಂಗ್ಲಿಷಿನಲ್ಲಿ. ಸೀಮೆಸುಣ್ಣವನ್ನು ಟೀ ಅಂಗಡಿಯವನ ಮಗಳ ಕೈಗೆ ಕೊಟ್ಟು ತಾನು ಹೋಗಿ ಅವಳ ಜಾಗದಲ್ಲಿ, ಮಕ್ಕಳ ನಡುವೆ ಕುಳಿತುಬಿಟ್ಟಳು. ಆ ಹುಡುಗಿ ಒಂದು ಗಳಿಗೆ ಗಾಬರಿಯಾಗಿ ನಿಂತಳು. ಆಮೇಲೆ ಸೀಮೆಸುಣ್ಣ ಚಾಚಿ ಒಬ್ಬನನ್ನು ಎಬ್ಬಿಸಿದಳು. ಅವನು ಅಪ್ಪ, ಅಮ್ಮ, ಅಜ್ಜಿ, ಎರಡು ಹಸು ಅಂದ.

“ವೈ ಯುವರ್ ಕೌ ನಾಟ್ ಕಮ್ ಟು ಸ್ಕೂಲ್?” ಎಂದು ಹುಡುಗಿ ಗದರಿದಳು.

“ಶಿ ಈಸ್ ನೋಯಿಂಗ್ ಎವೆರಿಥಿಂಗ್, ಮಿಸ್,” ಎಂದು ಅವನು ಕೈ ಕಟ್ಟಿ ನಿಂತು ಹೇಳಿದ.

ಸೀಮೆಸುಣ್ಣ ಕೈಯಿಂದ ಕೈಗೆ ಹೋಯಿತು. ಮೂರು ವಾರದಲ್ಲಿ ನನ್ನ ಮುಂದೆ ‘ಎಸ್ ಸಾ’ ಬಿಟ್ಟು ಬೇರೆ ಮಾತಾಡದ, ಆ ಕಿಟಕಿ ಹತ್ತಿರದ ಹುಡುಗನೂ ಬೋರ್ಡಿನ ಮುಂದೆ ನಿಂತು ಪ್ರಶ್ನೆ ಕೇಳಿದ. ಅವಳು ಇಡೀ ಪಾಠದಲ್ಲಿ ಆಡಿದ್ದು ಬೆರಳೆಣಿಕೆಯ ಮಾತು. ಕೆಳಗಿನ ಸಾಲು ತುಂಬಿ, ಹಾಳೆ ತಿರುಗಿಸಿ ಹಿಂಬದಿಯಲ್ಲಿ ಹಾಕಬೇಕಾಯಿತು. ಹಾಕುತ್ತ ಹೋದಂತೆ ನನಗೆ ಒಂದೊಂದು ಗೆರೆಯೂ ಮುಳ್ಳಿನ ಗೀರು. ಎಷ್ಟು ಚೆನ್ನಾಗಿದೆ ಎಂದು ಗೊತ್ತಾಗುತ್ತಿತ್ತಲ್ಲ, ಅದೇ ಸಂಕಟ. ಗೊತ್ತಾಗದಿದ್ದರೆ ಸುಖವಾಗಿ ಬೈದುಕೊಂಡು ಇರುತ್ತಿದ್ದೆ.

ನನ್ನ ಕೊನೆಯ ಪಾಠದ ಮಾತು ಬಿಡಿ. ಮಾದರಿ ಪಾಠ ಯಾರಿಗೆ ಬಂತೆಂದು ಹೇಳಬೇಕಿಲ್ಲ.

ಆ ದಿನ ಬೇಲೂರಿನ ಕಡೆಯಿಂದ ಮೇಷ್ಟ್ರುಗಳು, ಮೇಡಮ್ಮುಗಳು ಬಂದರು. ಕುರ್ಚಿ ಸಾಲದೆ ನಾನೇ ಪಕ್ಕದ ಕೊಠಡಿಯಿಂದ ಬೆಂಚು ಹೊತ್ತು ತಂದು ಹಾಕಿದೆ. ಅವಳು ಮತ್ತೆ ಸೀಮೆಸುಣ್ಣ ಮಕ್ಕಳ ಕೈಗೆ ಕೊಟ್ಟಳು, ಮತ್ತೆ ಹೋಗಿ ಬೆಂಚಿನಲ್ಲಿ ಕುಳಿತಳು. ಪಾಠ ಮುಗಿದಮೇಲೆ ತಲೆ ನರೆತ ಮೇಷ್ಟ್ರೊಬ್ಬರು ಎದ್ದು ನಿಂತರು.

“ನಾನು ಇಷ್ಟು ವರ್ಷದಿಂದ ಪಾಠ ಮಾಡ್ತಿದ್ದೀನಿ ತಾಯಿ. ಸೀಮೆಸುಣ್ಣ ಕೊಟ್ಟು ಕೂತ್ಕೊಳ್ಳೋ ಧೈರ್ಯ ನಂಗೆ ಬಂದಿಲ್ಲ. ನಿಮಗೆ ಯಾರು ಹೇಳಿಕೊಟ್ರು?”

“ಹೇಳಿಕೊಟ್ಟಿದ್ದು ಅಂತಲ್ಲ ಸರ್,” ಅಂದಳು. ಎಮ್ಮೆ ದಾಟುವಷ್ಟು ಹೊತ್ತು ಬಿಟ್ಟು, “ನನ್ನ ಜೊತೆಗಾರರು ನನ್ನ ಹಾಳೇಲಿ ಗೆರೆ ಹಾಕಿದ್ರು. ನಾನು ಎಷ್ಟು ಮಾತಾಡ್ತೀನಿ ಅಂತ ಅದನ್ನ ನೋಡಿದ ಮೇಲೇ ಗೊತ್ತಾಗಿದ್ದು. ಅವತ್ತು ಮನೇಲಿ ಕೂತು, ಹೆಂಗಪ್ಪಾ ಬಾಯಿ ಮುಚ್ಚೋದು ಅಂತ ಯೋಚ್ನೆ ಮಾಡಿ ಮಾಡಿ ಇದು ಹೊಳೀತು.” ಕೈ ತೋರಿಸಿದಳು. “ಅಲ್ಲಿ ನಿಂತವ್ರಲ್ಲ, ಅವ್ರೇ.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನರೆತಲೆಯ ಮೇಷ್ಟ್ರು, “ಭೇಷ್, ಹಿಂಗಿರಬೇಕು ಸಹೋದ್ಯೋಗಿ ಅಂದ್ರೆ” ಎಂದು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಮೇಡಂ ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತ ಎಲ್ಲರಿಗಿಂತ ನಿಧಾನವಾಗಿ ತಟ್ಟಿದರು. ಜೀವನದಲ್ಲಿ ಮೊದಲ ಸಲ ಯಾರಂತೆಯೂ ಮಾಡದೆ ನನಗೆ ಸಿಕ್ಕಿದ ಚಪ್ಪಾಳೆ ಅದು. ಬೆಂಚಿನ ಕೆಳಗೆ ನುಸುಳುವ ಹಾಗಿದ್ದರೆ ನುಸುಳುತ್ತಿದ್ದೆ.

ಸಂಜೆ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಹುಲಿಕೆರೆ ಕಡೆಗೆ ಹೋಗುವ ಆಟೋ ತುಂಬಲೆಂದು ಕಾಯುತ್ತಿದ್ದಳು. ತೋಳಿನ ತುಂಬ ಮಕ್ಕಳು ಕೊಟ್ಟ ಸೀಬೆಕಾಯಿಯ ಚೀಲ. ನಾನು ಹೋಗಿ ಎದುರಿಗೆ ನಿಂತೆ. ಕಂಡಕ್ಟರನ ದನಿಯಲ್ಲಿ ಹೇಳಿಬಿಡೋಣವೆನಿಸಿತು. ಅದೂ ಬರಲಿಲ್ಲ. ನನ್ನದೇ ಗಂಟಲಿನಲ್ಲಿ ಹೇಳಿದೆ: ಆ ಹಾಳೆ ಸುಳ್ಳು, ನೀನು ಅಷ್ಟು ಮಾತಾಡಿರಲಿಲ್ಲ, ಮಕ್ಕಳ ಗೆರೆಗಳನ್ನು ಮೇಲೆ ಹಾಕಿದವನು ನಾನು, ನಿನಗೆ ಮಾದರಿ ಪಾಠ ತಪ್ಪಲಿ ಎಂದು ಹಾಕಿದೆ.

ಅವಳು ಪೂರ್ತಿ ಕೇಳಿದಳು. ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೂ ಸುಮ್ಮನೆ ನನ್ನನ್ನು ನೋಡಿದಳು, ಕ್ಲಾಸಿನಲ್ಲಿ ನೋಡುತ್ತಿದ್ದ ಹಾಗೆಯೇ. ಆ ಮೌನದ ಎದುರು ನಿಂತ ಮಕ್ಕಳಿಗೆ ಯಾಕೆ ತಾವಾಗಿಯೇ ಮಾತು ಹೊರಡುತ್ತಿತ್ತೆಂದು ನನಗೆ ಆಗ ತಿಳಿಯಿತು.

“ತಪ್ಪಾಯ್ತು ಕಣೇ,” ಅಂದೆ. “ಹೊಟ್ಟೆ ಉರ್ಕೊಂಡು ಹಂಗ್ ಮಾಡ್ದೆ.”

ಆಟೋದವನು ಹಾರನ್ನು ಹೊಡೆದ. ಅವಳು ಹತ್ತಿ ಕುಳಿತು, ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ತಲೆ ಹೊರಗೆ ಹಾಕಿ ಹೇಳಿದಳು:

“ಇನ್ನೊಂದ್ ಸಲ ಅಂಥ ಸುಳ್ಳು ಬರೀಬೇಕು ಅನ್ನಿಸಿದ್ರೆ ನನ್ ಹಾಳೇಲಿ ಬ್ಯಾಡ, ನಿನ್ ಹಾಳೇಲಿ ಬರ್ಕೊಳ್ಳೋ. ಅದನ್ನ ನೋಡಿ ಬಾಯಿ ಮುಚ್ಚೋದು ಕಲ್ತು, ನೀನೂ ವಸಿ ಮೇಷ್ಟ್ರಾಗ್ತೀಯ.”